ಹಳೇ ಪುಸ್ತಕದ ಕಂದು ಚುಕ್ಕಿಗೆ ಹೆದರಬೇಕೆ?

ಹಳೇ ಪುಸ್ತಕ ತಂದವರು ಮೊದಲು ತೋರಿಸುವುದು ಚುಕ್ಕಿಗಳನ್ನೇ. ನಾನು ಮಾತ್ರ ಮೊದಲು ಪುಟದ ಮೂಲೆಯನ್ನು ಮೆಲ್ಲಗೆ ಬಾಗಿಸಿ ನೋಡುತ್ತೇನೆ. ಬಾಗಿದರೆ ಆತಂಕವಿಲ್ಲ, ಚುಕ್ಕಿ ಎಷ್ಟೇ ಇರಲಿ.

ಈ ಚುಕ್ಕಿಗಳಿಗೆ ನಮ್ಮ ಕೆಲಸದಲ್ಲಿ ಫಾಕ್ಸಿಂಗ್ ಎನ್ನುತ್ತೇವೆ. ಇದರ ಕಾರಣದ ಬಗ್ಗೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ. ಕಾಗದ ತಯಾರಾಗುವಾಗ ಸೇರಿಕೊಂಡ ಕಬ್ಬಿಣದ ಕಣ ತುಕ್ಕು ಹಿಡಿದರೆ ಒಂದು ಬಗೆ: ಭೂತಗನ್ನಡಿಯಲ್ಲಿ ನಡುವೆ ಸಾಸಿವೆಗಿಂತಲೂ ಚಿಕ್ಕ ಕಪ್ಪು ಬಿಂದು, ಸುತ್ತ ತೆಳುವಾಗುತ್ತ ಹೋಗುವ ಕಂದು. ಶಿಲೀಂಧ್ರದಿಂದಾದ ಕಲೆಗೆ ಸಾಮಾನ್ಯವಾಗಿ ಅಂಥ ಬಿಂದು ಇರುವುದಿಲ್ಲ, ಅಂಚು ಅಂಕುಡೊಂಕು. ನೇರಳಾತೀತ ದೀಪ ಹಿಡಿದರೆ ಅದು ಎಷ್ಟೋ ಸಲ ಹೊಳೆಯುತ್ತದೆ. ಎರಡೂ ಒಂದೇ ಹಾಳೆಯಲ್ಲಿ ಸಿಗುವುದೂ ಉಂಟು. ಎರಡಕ್ಕೂ ತೇವ ಬೇಕೇ ಬೇಕು. ಗಾಳಿಯ ತೇವಾಂಶ ಶೇ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಏಳುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅದು ಎಷ್ಟು ದಾಟುತ್ತದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ.

ಪುಟಕ್ಕೆ ಪುಟವೇ ಕಂದಾಗುವುದು ಬೇರೆ ವಿಷಯ, ನನ್ನ ಲೆಕ್ಕದಲ್ಲಿ ಹೆಚ್ಚು ಅಪಾಯದ್ದು. ಹಿಂದೆ ಯುರೋಪಿನಲ್ಲಿ ಕಾಗದಕ್ಕೆ ಬಟ್ಟೆಯ ಚಿಂದಿ ಬಳಸುತ್ತಿದ್ದರು. 1844ರ ಸುಮಾರಿಗೆ ಜರ್ಮನಿಯ ಕೆಲ್ಲರ್ ಮರ ಅರೆದು ತಿರುಳು ಮಾಡುವ ದಾರಿ ತೋರಿಸಿದ. ಕಾಗದ ಅಗ್ಗವಾಯಿತು, ಆದರೆ ಮರದ ನಾರುಗಳನ್ನು ಬೆಸೆದು ಹಿಡಿಯುವ ಲಿಗ್ನಿನ್ ಎಂಬ ವಸ್ತು ಒಳಗೇ ಉಳಿಯಿತು. ಬೆಳಕು, ಗಾಳಿ ತಾಗಿದಂತೆ ಅದು ಕಂದು ತಿರುಗುತ್ತದೆ. ಶಾಯಿ ಹರಡದಿರಲೆಂದು ಸೇರಿಸಿದ ಪಟಿಕ ಮತ್ತು ರಾಳವೂ ಕಾಲಕ್ರಮೇಣ ಆಮ್ಲವಾಗಿ ನಾರನ್ನು ತುಂಡರಿಸುತ್ತದೆ. ಹಾಗಾಗಿಯೇ ಇನ್ನೂರು ವರ್ಷದ ಚಿಂದಿ ಕಾಗದ ಚುಕ್ಕಿ ಹೊತ್ತುಕೊಂಡೂ ಗಟ್ಟಿಯಾಗಿರುತ್ತದೆ, ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದ ಅರವತ್ತರ ದಶಕದ ಕಾದಂಬರಿ ಕೈಯಲ್ಲೇ ಪುಡಿಯಾಗುತ್ತದೆ. ಈ ಆಮ್ಲ ಪಕ್ಕದ ಪುಟಕ್ಕೂ ದಾಟುತ್ತದೆ: ಒಳಗೆ ಮಡಚಿಟ್ಟ ಪತ್ರಿಕೆಯ ತುಣುಕು ತನ್ನದೇ ಅಳತೆಯ ಕಂದು ಚೌಕ ಮೂಡಿಸಿರುವುದನ್ನು ನೀವೂ ಕಂಡಿರಬಹುದು.

ಚುಕ್ಕಿ ಹೋಗಲೆಂದು ನಿಂಬೆರಸ, ಬ್ಲೀಚಿಂಗ್ ಪೌಡರ್ ಹಚ್ಚಬೇಡಿ. ಕ್ಲೋರಿನ್ ಕಲೆಯ ಜೊತೆ ನಾರನ್ನೂ ತಿನ್ನುತ್ತದೆ, ಕಲೆ ಮತ್ತೆ ಬರುವುದೂ ಇದೆ. ಹಳೇ ಕ್ರಯಪತ್ರಕ್ಕೆ ಅಂಗಡಿಯ ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಬಿಡಿಸಲು ಹೋದರೆ ಅಕ್ಷರವೇ ಎದ್ದು ಬರುತ್ತದೆ. ತುಕ್ಕು ಪಿನ್ನು, ಪತ್ರಿಕೆ ತುಣುಕುಗಳನ್ನು ತೆಗೆಯಿರಿ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಕಂದಾದ ಹಾಳೆಗೆ ಆಮ್ಲ ತೆಗೆಯುವ ಚಿಕಿತ್ಸೆಯಿದೆ, ಆದರೆ ಅದು ಕಳೆದ ಬಲವನ್ನು ಮರಳಿಸುವುದಿಲ್ಲ. ಅಂಥವನ್ನು ಮೊದಲು ಸ್ಕ್ಯಾನ್ ಮಾಡಿಸಿ, ಚಿಕಿತ್ಸೆಯ ಮಾತು ಆಮೇಲೆ.