ಉಪ್ಪುಜೌಗಿನ ಗುಬ್ಬಿ

ಇಂಗ್ಲಿಷಿನಲ್ಲಿ ಸಾಲ್ಟ್‌ಮಾರ್ಷ್ ಸ್ಪ್ಯಾರೋ ಎನ್ನುವ ಹಕ್ಕಿಗೆ ನಾನು ಉಪ್ಪುಜೌಗಿನ ಗುಬ್ಬಿ ಎನ್ನುತ್ತೇನೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿ ಇದರ ನೆಲೆ. ಮೇನ್‌ನಿಂದ ವರ್ಜೀನಿಯಾದವರೆಗೆ ಮರಿ ಮಾಡುತ್ತದೆ, ಚಳಿಗಾಲಕ್ಕೆ ಅದೇ ಕರಾವಳಿಗುಂಟ ದಕ್ಷಿಣಕ್ಕೆ ಇಳಿಯುತ್ತದೆ.

ಹೆಸರಿನಲ್ಲಿ ಗುಬ್ಬಿ ಇದ್ದರೂ ಇದು ನಮ್ಮ ಮನೆಯ ಸೂರಿನ ಗುಬ್ಬಚ್ಚಿಯ ಬಳಗವಲ್ಲ. ಯುರೋಪಿನಿಂದ ಹೋಗಿ ನೆಲೆಸಿದವರು ಅಲ್ಲಿನ ಕಂದುಬಣ್ಣದ ಪುಟ್ಟ ಹಕ್ಕಿಗಳನ್ನು ತಮ್ಮೂರಿನ ಹೆಸರಿನಿಂದಲೇ ಕರೆದರು, ಅದು ಹಾಗೆಯೇ ಉಳಿಯಿತು. ವೈಜ್ಞಾನಿಕ ಹೆಸರಿನಲ್ಲಿರುವ ‘ಕಾಡಾಕ್ಯೂಟಾ’ ಎಂಬ ಲ್ಯಾಟಿನ್ ಪದಕ್ಕೆ ಚೂಪು ಬಾಲದ್ದು ಎಂದರ್ಥ. ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಮಾತ್ರ ಬಾಲವಲ್ಲ, ಬೂದು ಕೆನ್ನೆಯ ಸುತ್ತ ಹರಡಿದ ಕಿತ್ತಳೆ ಬಣ್ಣ.

ಉಪ್ಪುಜೌಗು ಎಂದರೆ ಸಮುದ್ರದ ಉಬ್ಬರ ಬಂದು ತೋಯಿಸಿ ಹೋಗುವ ಹುಲ್ಲುನೆಲ. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ಗಿಡ ನಿಲ್ಲುವಂಥ ಜಾಗದಲ್ಲಿ ಆ ತಣ್ಣನೆಯ ಕರಾವಳಿಯಲ್ಲಿ ಹುಲ್ಲು ನಿಲ್ಲುತ್ತದೆ. ಈ ಹಕ್ಕಿ ಬೇರೆಲ್ಲೂ ಮರಿ ಮಾಡುವುದಿಲ್ಲ. ಗೂಡು ಕಟ್ಟುವುದು ಆ ಹುಲ್ಲಿನ ನಡುವೆಯೇ, ನೆಲದಿಂದ ಕೆಲವೇ ಅಂಗುಲ ಮೇಲೆ. ಇನ್ನೂ ಮೇಲೆ ಕಟ್ಟಿದರೆ ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ಬೀಳುತ್ತದೆ, ಕೆಳಗೆ ಕಟ್ಟಿದರೆ ನೀರು ನುಗ್ಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗಳಿಗೆ ಉಬ್ಬರ ಏರುವುದು ಕರಾವಳಿಯವರಿಗೆಲ್ಲ ಗೊತ್ತು. ಅವುಗಳಲ್ಲೂ ತಿಂಗಳಿಗೊಮ್ಮೆ ಬರುವ ಅತಿ ದೊಡ್ಡ ಉಬ್ಬರವೇ ಈ ಗುಬ್ಬಿಯ ಗಡಿಯಾರ. ಅಂಥ ಎರಡು ಉಬ್ಬರಗಳ ನಡುವೆ ಸುಮಾರು 28 ದಿನ. ಗೂಡು ಹೆಣೆದು, ಮೊಟ್ಟೆಯಿಟ್ಟು, ಕಾವು ಕೊಟ್ಟು, ಮರಿಗಳನ್ನು ಗೂಡಿನಿಂದ ಹೊರಡಿಸಲು ಮೂರೂವರೆ ವಾರವಾದರೂ ಬೇಕು. ಉಳಿಯುವುದು ಬೆರಳೆಣಿಕೆಯ ದಿನ. ಗೂಡು ಕೊಚ್ಚಿಹೋದ ಕೂಡಲೇ ಹೆಣ್ಣು ಮತ್ತೆ ಹೆಣೆಯತೊಡಗುವುದು ಅದಕ್ಕೇ. ಗಂಡು ಗೂಡಿನ ಕೆಲಸಕ್ಕೆ ಕೈಹಾಕುವುದೇ ಇಲ್ಲ, ಸಂಸಾರದ ಭಾರವೆಲ್ಲ ಅವಳೊಬ್ಬಳದು.

ಗೂಡಿನ ಮೇಲೆ ಹುಲ್ಲನ್ನು ಬಾಗಿಸಿ ಹೆಣೆದ ಒಂದು ಮುಚ್ಚಳವಿರುತ್ತದೆ. ನೀರು ಏರಿದಾಗ ಮೊಟ್ಟೆಗಳು ತೇಲಿ ಆ ಮುಚ್ಚಳಕ್ಕೆ ತಾಗಿ ನಿಲ್ಲುತ್ತವೆ, ಇಳಿದಾಗ ಮತ್ತೆ ಗೂಡಿನೊಳಗೇ ಕೂರುತ್ತವೆ. ಅವಳು ಬಂದು ಕಾವು ಮುಂದುವರಿಸುತ್ತಾಳೆ. ಬಲಿತ ಮರಿಗಳು ಹುಲ್ಲುಕಡ್ಡಿ ಹಿಡಿದು ಮೇಲೇರಿ ಬದುಕಿಕೊಳ್ಳುತ್ತವೆ. ಆಗತಾನೇ ಒಡೆದು ಬಂದ ಮರಿಗೆ ತೇಲಲೂ ಆಗದು, ಏರಲೂ ಆಗದು. ಈ ಹಕ್ಕಿಯ ಬಗ್ಗೆ ಓದಿದಾಗಲೆಲ್ಲ ನನ್ನ ಕರುಳು ಹಿಂಡುವುದು ಈ ಸಂಗತಿ.

ಸಮುದ್ರದ ಮಟ್ಟ ಕೊಂಚ ಏರಿದರೂ ಸಾಕು, ಮಧ್ಯಮ ಉಬ್ಬರವೂ ಗೂಡಿಗೆ ನುಗ್ಗುತ್ತದೆ, ಗಡುವು ಇನ್ನಷ್ಟು ಕುಗ್ಗುತ್ತದೆ. ಜೌಗು ತಾನಾಗಿಯೇ ಒಳನಾಡಿನತ್ತ ಸರಿಯೋಣವೆಂದರೆ ಅಲ್ಲಿ ರಸ್ತೆ, ಮನೆ, ತಡೆಗೋಡೆ. 1990ರ ದಶಕದಿಂದ ಈಚೆಗೆ ಇವುಗಳ ಸಂಖ್ಯೆ ಸುಮಾರು ಮುಕ್ಕಾಲು ಪಾಲು ಕುಸಿದಿದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿ ಇದನ್ನು ಅಳಿವಿನಂಚಿನ ಹಕ್ಕಿಗಳ ಸಾಲಿಗೆ ಸೇರಿಸಿದೆ.

ಇದರ ಹತ್ತಿರದ ಬಂಧುವೊಂದು ಈಗಾಗಲೇ ಹೋಗಿದೆ. ಫ್ಲಾರಿಡಾದ ಮೆರಿಟ್ ದ್ವೀಪದ ಸುತ್ತ ಡಸ್ಕಿ ಸೀಸೈಡ್ ಸ್ಪ್ಯಾರೋ ಎಂಬ ಉಪಜಾತಿಯಿತ್ತು. ಸೊಳ್ಳೆ ನಿಯಂತ್ರಣಕ್ಕೆಂದು ಡಿಡಿಟಿ ಸಿಂಪಡಿಸಿದರು, ಒಡ್ಡು ಕಟ್ಟಿ ಜೌಗಿನಲ್ಲಿ ನೀರು ನಿಲ್ಲಿಸಿದರು. ಕಾಲಿಗೆ ಕಿತ್ತಳೆ ಪಟ್ಟಿ ಕಟ್ಟಿದ್ದ ಕೊನೆಯ ಗಂಡು ಹಕ್ಕಿ 1987ರ ಜೂನ್‌ನಲ್ಲಿ ಪಂಜರದಲ್ಲಿ ಸತ್ತಿತು.

ಉಪ್ಪುಜೌಗಿನ ಗುಬ್ಬಿಗೆ ಬೇಕಾಗಿರುವುದು ಒಂದಿಷ್ಟು ಎತ್ತರ. ಅದಕ್ಕಾಗಿ ಕೆಲವೆಡೆ ಹೂಳನ್ನು ತಂದು ಜೌಗಿನ ಮೇಲೆ ತೆಳುವಾಗಿ ಹರಡುತ್ತಿದ್ದಾರೆ. ಇನ್ನು ಕೆಲವೆಡೆ, ನಿಂತ ನೀರು ಇಳಿದುಹೋಗಿ ಹುಲ್ಲು ಮತ್ತೆ ಚಿಗುರಲೆಂದು ಆಳವಿಲ್ಲದ ಕಿರುಗಾಲುವೆಗಳನ್ನು ತೋಡುತ್ತಿದ್ದಾರೆ.