ಸಾಗರ ಆಮ್ಲೀಕರಣ: ಕಡಲು ಹುಳಿಯಾಗುತ್ತಿದೆ ಅಂದರೆ ಏನು?

ಮುಂದಿನ ಸಲ ಮನೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡುವಾಗ ಒಂದು ಖಾಲಿ ಚಿಪ್ಪು ತೆಗೆದಿಟ್ಟು, ಅದರ ಮೇಲೆ ನಿಂಬೆಹುಳಿ ಹಿಂಡಿ ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಚಿಪ್ಪು ಸುಟ್ಟು ತಾನೇ ಎಲೆಯಡಿಕೆಗೆ ಸುಣ್ಣ ಮಾಡುವುದು, ಆ ಸುಣ್ಣದ ಅಂಶ ಹುಳಿ ತಾಗಿದರೆ ಕರಗುತ್ತದೆ. 'ಸಾಗರ ಆಮ್ಲೀಕರಣ' ಅಂದಾಗ ತಲೆಗೆ ಬರುವುದು ಇದೇ ಚಿತ್ರ. ಆದರೆ ಮಲ್ಪೆಯ ಕಡಲು ನಿಂಬೆಹುಳಿ ಆಗಿಲ್ಲ.

ಈ ಪದ ಹೇಳುವುದು ನೀರು ಯಾವ ಕಡೆಗೆ ಸಾಗುತ್ತಿದೆ ಎಂದು ಮಾತ್ರ. ಕುದಿದ ನೀರು ಆರುತ್ತಿದೆ ಅಂದರೆ ಮಂಜುಗಡ್ಡೆ ಆಯಿತು ಅಂತಲ್ಲ, ಅಲ್ವಾ? ಪಿಎಚ್ ಅಳತೆಯಲ್ಲಿ 7 ನಡುಮಧ್ಯ, ಕೆಳಗೆ ಆಮ್ಲ, ಮೇಲೆ ಕ್ಷಾರ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಕಡಲ ಮೇಲ್ಪದರದ ನೀರು ಸರಾಸರಿ 8.2ರ ಹತ್ತಿರ ಇತ್ತು, ಈಗ 8.1ರ ಆಸುಪಾಸು. ಇಷ್ಟೇನಾ ಅನ್ನಬೇಡಿ. ಇಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ 10 ಪಟ್ಟು ಏರುತ್ತದೆ, ಹಾಗಾಗಿ 0.1 ಇಳಿದದ್ದು ಅಂದರೆ ಹೆಚ್ಚುಕಮ್ಮಿ ಶೇ 26ರಷ್ಟು ಏರಿಕೆ.

ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಉರಿಸಿ ನಾವು ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಕಡಲಿಗೆ ಸೇರುತ್ತದೆ. ನೀರಿನಲ್ಲಿ ಅದು ಕಾರ್ಬಾನಿಕ್ ಆಮ್ಲ ಆಗುತ್ತದೆ, ಗೋಲಿಸೋಡಾದಲ್ಲಿ ಇರುವುದೂ ಅದೇ. ಆ ಆಮ್ಲದಿಂದ ಬಿಟ್ಟುಬಂದ ಹೈಡ್ರೋಜನ್ ಅಯಾನುಗಳು ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದುಕೊಂಡು ಬಿಡುತ್ತವೆ. ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಮರುವಾಯಿ, ಪಚ್ಚಿಲೆ (ಹಸಿರು ಚಿಪ್ಪಿನ ಕಡಲಜೀವಿ), ಹವಳ ಇವೆಲ್ಲ ಮೈಮೇಲಿನ ಗೂಡು ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಜೊತೆ ಅದೇ ಕಾರ್ಬೊನೇಟ್ ಸೇರಿಸಿ. ಮನೆ ಕಟ್ಟಲು ಹೊರಟವರಿಗೆ ಕೆಂಪುಕಲ್ಲೇ ಸಿಗದ ಹಾಗಾಯಿತು. ಇದ್ದ ಚಿಪ್ಪು ಕರಗುವ ಮಾತು ಆಮೇಲೆ, ಹೊಸ ಚಿಪ್ಪು ಕಟ್ಟುವುದಕ್ಕೇ ಜಾಸ್ತಿ ಶಕ್ತಿ ಬೇಕಾಗುತ್ತದೆ, ಬೆಳೆಯುವುದಕ್ಕೆ ಉಳಿಯುವುದು ಕಡಿಮೆ. ಮೊದಲು ಸೋಲುವುದು ಮರಿಗಳು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2007ರ ಹೊತ್ತಿಗೆ ಸಿಂಪಿ ಮರಿ ಬೆಳೆಸುವ ಕೇಂದ್ರಗಳಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತವು. ಕಡಲಾಳದಿಂದ ಮೇಲೆದ್ದು ಬಂದ, ಪಿಎಚ್ ಕಡಿಮೆ ಇದ್ದ ನೀರು ತೊಟ್ಟಿಗಳಿಗೆ ಸೇರಿತ್ತು.

ಹಾಗಾದರೆ ಕಡಲಿಗೆ ಸುಣ್ಣ ಹಾಕಿದರೆ ಆಗದಾ? ವಿಜ್ಞಾನಿಗಳು ಇದನ್ನೂ ಪರೀಕ್ಷಿಸುತ್ತಿದ್ದಾರೆ. ಆದರೆ ಚಿಪ್ಪನ್ನಾಗಲಿ ಸುಣ್ಣದಕಲ್ಲನ್ನಾಗಲಿ ಸುಟ್ಟು ಸುಣ್ಣ ಮಾಡುವಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡೇ ಹೊರಗೆ ಬರುತ್ತದೆ! ಹೊಗೆ ಕಡಿಮೆ ಮಾಡದೆ ಬೇರೆ ದಾರಿ ಇಲ್ಲ ಅಂತಲೇ ನನಗನಿಸುವುದು.

ನಮ್ಮ ಕೈಯಲ್ಲೇ ಇರುವುದು ಒಂದಿದೆ, ಅದನ್ನು ಯಾರೂ ಅಷ್ಟು ಮಾತಾಡುವುದಿಲ್ಲ. ಚರಂಡಿ ನೀರು, ಗದ್ದೆಯ ಗೊಬ್ಬರ ಹೊಳೆಗೆ ಸೇರಿದರೆ ಅಳಿವೆಯಲ್ಲಿ ಪಾಚಿ ಉಕ್ಕುತ್ತದೆ, ಸತ್ತು ಕೊಳೆಯುತ್ತದೆ, ಕೊಳೆಯುವಾಗ ಅಲ್ಲೇ ನೀರಿಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಕಡೆ ಸೊಂಟದುದ್ದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಾರಲ್ಲ, ಅದೇ ನೀರಿಗೆ.