ಕೊನೆಯ ಸಾವಿರ ಅಡಿ: ಪ್ಯಾರಾಚೂಟ್ ಇಳಿಸಲು ಕಲಿಯುವವರಿಗೆ ಟಿಪ್ಪಣಿ

ಸ್ಕೈಡೈವಿಂಗ್ ಕಲಿಯುತ್ತಿದ್ದೇನೆ ಎಂದು ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಪ್ಯಾರಾಚೂಟ್ ಬಿಚ್ಚಿಕೊಳ್ಳದಿದ್ದರೆ ಏನು ಗತಿ?" ಮೈಸೂರಿನಲ್ಲಿ ಬೋಧಕರ ಎದೆಗೆ ಕಟ್ಟಿಸಿಕೊಂಡು ಟ್ಯಾಂಡೆಮ್ ಹಾರಿ ಬಂದ ಗೆಳೆಯರೂ ಅದನ್ನೇ ಕೇಳುತ್ತಾರೆ. ಉತ್ತರ ಸುಲಭ: ಬೆನ್ನಿನ ಮೇಲೆ ಇನ್ನೊಂದು ಪ್ಯಾರಾಚೂಟ್ ಇರುತ್ತದೆ. ಎರಡನ್ನೂ ಬಿಚ್ಚಲು ನಮ್ಮಿಂದ ಆಗದೆ ಹೋದರೆ, ಬೀಳುವ ವೇಗವನ್ನು ಅಳೆದು ತಾನಾಗಿಯೇ ಎರಡನೆಯದನ್ನು ಬಿಚ್ಚುವ ಪುಟ್ಟ ಉಪಕರಣವೂ ಇರುತ್ತದೆ. ಇಂಥದ್ದೇ ಉಪಕರಣವಾದ ಜರ್ಮನಿಯ ಸೈಪ್ರೆಸ್ 1991ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಅದು ಎಷ್ಟೋ ಜನರನ್ನು ಉಳಿಸಿದೆ.

ಕಲಿಯುವವರು ಹೆಚ್ಚು ಯೋಚಿಸಬೇಕಾದ ಜಾಗ ಬೇರೆಯೇ ಇದೆ. ಈ ಕ್ರೀಡೆಯಲ್ಲಿ ಕಾಲು, ಸೊಂಟ ಮುರಿದುಕೊಂಡವರಲ್ಲಿ, ಜೀವ ಕಳೆದುಕೊಂಡವರಲ್ಲಿ ಬಹಳಷ್ಟು ಜನ ಚೆನ್ನಾಗಿ ಬಿಚ್ಚಿಕೊಂಡ, ಯಾವ ದೋಷವೂ ಇಲ್ಲದ ಪ್ಯಾರಾಚೂಟಿನ ಕೆಳಗೇ ಇದ್ದವರು. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಂತೆ 2023ರಲ್ಲಿ ಆ ದೇಶದಲ್ಲಿ ಸುಮಾರು 36.5 ಲಕ್ಷ ಹಾರಾಟಗಳು ನಡೆದವು, 10 ಜನ ಸತ್ತರು. 1970ರ ದಶಕದಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಹಾರಾಟಗಳಿದ್ದರೂ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಸಲಕರಣೆ ಅಷ್ಟು ಸುಧಾರಿಸಿದೆ. ಉಳಿದಿರುವ ಅಪಾಯದ ದೊಡ್ಡ ಪಾಲು ಇರುವುದು ನಮ್ಮ ಎರಡು ಕೈಗಳಲ್ಲಿ, ನೆಲಕ್ಕೆ ತೀರ ಹತ್ತಿರದಲ್ಲಿ. ಹಾಗಾಗಿ ಈ ಟಿಪ್ಪಣಿಯ ಹೆಚ್ಚಿನ ಭಾಗ ಕೊನೆಯ ಸಾವಿರ ಅಡಿಯ ಬಗ್ಗೆ. ಇದನ್ನು ಬೋಧಕರ ಜೊತೆ ಕುಳಿತು ಓದಿ. ನಿಮ್ಮ ಮೈದಾನದ ನಿಯಮ ಬೇರೆ ಇದ್ದರೆ ಅದೇ ನಡೆಯಬೇಕು.

ತಲೆಯ ಮೇಲಿರುವುದು ರೆಕ್ಕೆ

ಸಿನಿಮಾದಲ್ಲಿ ಕಾಣುವ ದುಂಡನೆಯ ಕೊಡೆಯನ್ನು ಮರೆತುಬಿಡಿ. ನಾವು ಹಾರಿಸುವುದು ಚೌಕಾಕಾರದ, ಎರಡು ಪದರದ ಬಟ್ಟೆಯ ರೆಕ್ಕೆ. ಮುಂಭಾಗದ ಬಾಯಿಗಳಿಂದ ಗಾಳಿ ನುಗ್ಗಿ ಒಳಗಿನ ಏಳೋ ಒಂಬತ್ತೋ ಕೋಣೆಗಳನ್ನು ತುಂಬಿ ಉಬ್ಬಿಸುತ್ತದೆ. ಇದನ್ನು 1960ರ ದಶಕದಲ್ಲಿ ರೂಪಿಸಿದ ಡೊಮಿನಾ ಜಾಲ್ಬರ್ಟ್ ಗಾಳಿಪಟ ತಯಾರಿಸುತ್ತಿದ್ದವರು. ರೆಕ್ಕೆಯ ಹಿಂಬದಿಯ ಎರಡು ಮೂಲೆಗಳಿಂದ ಇಳಿದ ದಾರಗಳ ತುದಿಯಲ್ಲಿ ಟಾಗಲ್ ಎಂಬ ಹಿಡಿಕೆಗಳಿರುತ್ತವೆ. ಎಡಗೈಯದನ್ನು ಎಳೆದರೆ ಎಡಕ್ಕೆ ತಿರುಗುತ್ತದೆ, ಬಲಗೈಯದನ್ನು ಎಳೆದರೆ ಬಲಕ್ಕೆ, ಎರಡನ್ನೂ ಸಮವಾಗಿ ಎಳೆದರೆ ವೇಗ ತಗ್ಗುತ್ತದೆ; ಬ್ರೇಕ್ ಎನ್ನುವುದು ಇದಕ್ಕೇ.

ಇಷ್ಟು ಮೊದಲ ದಿನವೇ ಎಲ್ಲರಿಗೂ ಗೊತ್ತಾಗುತ್ತದೆ. ನಿಧಾನಕ್ಕೆ ಅರ್ಥವಾಗುವುದು ಇನ್ನೊಂದು ಸಂಗತಿ. ರೆಕ್ಕೆ ಮೇಲಿದೆ, ನಮ್ಮ ಭಾರ ಎಷ್ಟೋ ಅಡಿ ಕೆಳಗೆ ದಾರಗಳಲ್ಲಿ ತೂಗುತ್ತಿದೆ, ಮರದ ಕೊಂಬೆಗೆ ಕಟ್ಟಿದ ಜೋಕಾಲಿಯ ಹಾಗೆ. ಒಂದು ಟಾಗಲನ್ನು ಜೋರಾಗಿ ಎಳೆದರೆ ರೆಕ್ಕೆ ವಾಲುತ್ತದೆ, ನಮ್ಮ ದೇಹ ಹೊರಕ್ಕೆ ಬೀಸಿಹೋಗುತ್ತದೆ, ರೆಕ್ಕೆ ಮೂಗು ತಗ್ಗಿಸಿ ಧುಮುಕುತ್ತದೆ. ಟಾಗಲ್ ಬಿಟ್ಟ ಕೂಡಲೇ ಅದು ಸರಿಹೋಗುವುದಿಲ್ಲ. ಜೋಕಾಲಿ ಮತ್ತೆ ನಡುವಿಗೆ ಬರಬೇಕು, ಅದಕ್ಕೆ ಸಮಯ ಬೇಕು, ಸಮಯವೆಂದರೆ ಎತ್ತರ. ಎರಡು ಸಾವಿರ ಅಡಿಯಲ್ಲಿ ಆಟವೆನಿಸುವ ತಿರುವು ನೂರು ಅಡಿಯಲ್ಲಿ ನಮ್ಮನ್ನು ನೆಲಕ್ಕೆ ಅಪ್ಪಳಿಸುತ್ತದೆ.

ರೆಕ್ಕೆ ಚಿಕ್ಕದಾದಷ್ಟೂ ಈ ಧುಮುಕುವಿಕೆ ಹೆಚ್ಚು. ಲೆಕ್ಕ ಹೀಗೆ: 70 ಕೆ.ಜಿ. ತೂಕದವರು 13 ಕೆ.ಜಿ. ಸಲಕರಣೆ ಹೊತ್ತರೆ ಒಟ್ಟು 83 ಕೆ.ಜಿ., ಅಂದರೆ ಸುಮಾರು 183 ಪೌಂಡ್. ಅದನ್ನು ರೆಕ್ಕೆಯ ಚದರ ಅಡಿಯಿಂದ ಭಾಗಿಸಿ. 230 ಚದರ ಅಡಿಯ ವಿದ್ಯಾರ್ಥಿ ಪ್ಯಾರಾಚೂಟಿನಲ್ಲಿ 0.8 ಬರುತ್ತದೆ, 170ರಲ್ಲಿ 1.08, 135ರಲ್ಲಿ 1.36. ಮೊದಲ ಲೈಸೆನ್ಸಿಗೆ ಬೇಕಾದ 25 ಹಾರಾಟ ಮುಗಿಸಿದ ಕೂಡಲೇ ಚಿಕ್ಕ ರೆಕ್ಕೆ ಕೊಳ್ಳುವ ಆಸೆ ಹುಟ್ಟುತ್ತದೆ, ಬೆಲೆಯೂ ಕೆಲವೊಮ್ಮೆ ಅಗ್ಗವಾಗಿ ಸಿಗುತ್ತದೆ. ಹೊಸಬರು ಒಂದರ ಗಡಿ ದಾಟದಿರುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಾಳಿಯ ಲೆಕ್ಕ

ಹೊಳೆ ದಾಟಿಸುವ ಅಂಬಿಗ ಎದುರು ದಡದ ಮೆಟ್ಟಿಲಿಗೆ ನೇರವಾಗಿ ಮೂತಿ ಹಿಡಿಯುವುದಿಲ್ಲ. ನೀರು ಬರುವ ಕಡೆಗೆ ಸ್ವಲ್ಪ ಓರೆಯಾಗಿ ಹುಟ್ಟು ಹಾಕುತ್ತಾನೆ, ಹರಿವು ಅವನನ್ನು ತಂದು ಮೆಟ್ಟಿಲಿಗೆ ಮುಟ್ಟಿಸುತ್ತದೆ. ಪ್ಯಾರಾಚೂಟ್ ಕೂಡ ಹಾಗೆಯೇ ಹರಿಯುವ ಗಾಳಿಯೊಳಗೆ ಸಾಗುತ್ತದೆ. ಗಾಳಿಯೊಳಗಿನ ಅದರ ವೇಗ ಎಲ್ಲ ದಿಕ್ಕಿನಲ್ಲೂ ಒಂದೇ. ನೆಲದ ಮೇಲೆ ಸಾಗುವ ವೇಗ ಮಾತ್ರ ಬದಲಾಗುತ್ತದೆ.

ಇಳಿಯುವ ಹಾದಿಗೆ ಮೂರು ಕಾಲುಗಳಿವೆ, ಅಂದರೆ ಮೂರು ಹಂತಗಳು. ಸುಮಾರು 1,000 ಅಡಿಯಲ್ಲಿ ಗಾಳಿಗೆ ಬೆನ್ನು ಮಾಡಿ ಹೊರಡುತ್ತೇವೆ. 600 ಅಡಿಯಲ್ಲಿ ತೊಂಬತ್ತು ಡಿಗ್ರಿ ತಿರುಗಿ ಅಡ್ಡಗಾಳಿಯಲ್ಲಿ ಸಾಗುತ್ತೇವೆ. 300 ಅಡಿಯಲ್ಲಿ ಮತ್ತೊಮ್ಮೆ ತಿರುಗಿ ಗಾಳಿಗೆ ಮುಖ ಮಾಡಿ ಕೊನೆಯವರೆಗೂ ನೇರ ಬರುತ್ತೇವೆ. ಕಾಗದದ ಮೇಲೆ ಇದು ಆಯತದ ಮೂರು ಬದಿಗಳಂತೆ ಕಾಣುತ್ತದೆ.

ಈಗ ಇದನ್ನು ಲೆಕ್ಕಕ್ಕೆ ಇಳಿಸೋಣ. ದೊಡ್ಡ ರೆಕ್ಕೆಯೊಂದು ಗಂಟೆಗೆ 32 ಕಿ.ಮೀ. ವೇಗದಲ್ಲಿ ಸಾಗುತ್ತಾ ನಿಮಿಷಕ್ಕೆ ಸಾವಿರ ಅಡಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. 1,000ದಿಂದ 600 ಅಡಿಗೆ ಇಳಿಯಲು 24 ಸೆಕೆಂಡು ಬೇಕು. ಗಾಳಿ ಇಲ್ಲದಿದ್ದರೆ ಅಷ್ಟರಲ್ಲಿ ಸುಮಾರು 215 ಮೀಟರ್ ಸಾಗುತ್ತೇವೆ. ಗಂಟೆಗೆ 16 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಅದು 320 ಮೀಟರ್ ಆಗುತ್ತದೆ. ಕೊನೆಯ 300 ಅಡಿಗೆ 18 ಸೆಕೆಂಡು: ಗಾಳಿ ಇಲ್ಲದ ದಿನ 160 ಮೀಟರ್, ಅದೇ ಗಾಳಿ ಎದುರಿಗಿದ್ದರೆ ಬರೀ 80 ಮೀಟರ್. ಬೆಳಗಿನ ನಿಶ್ಚಲ ಗಾಳಿಯಲ್ಲಿ ನಿನ್ನೆ ಸರಿಯಾಗಿ ಇಳಿದ ಗುರುತುಗಳನ್ನೇ ಇಂದು ಮಧ್ಯಾಹ್ನವೂ ನಂಬಿದರೆ ಮೈದಾನಕ್ಕೆ 80 ಮೀಟರ್ ಮೊದಲೇ, ಬೇಲಿಯ ಆಚೆ ಕಾಲೂರಬೇಕಾಗುತ್ತದೆ. ಗಾಳಿ ಜೋರಾದಷ್ಟೂ ಆಯತವನ್ನು ಗಾಳಿ ಬರುವ ಕಡೆಗೆ ಸರಿಸಬೇಕು, ಕೊನೆಯ ಕಾಲನ್ನು ಚಿಕ್ಕದು ಮಾಡಿಕೊಳ್ಳಬೇಕು. ವಿಮಾನ ಹತ್ತುವ ಮೊದಲು ಮೈದಾನದ ಚಿತ್ರದ ಮೇಲೆ ಬೆರಳಿಟ್ಟು ಹೊರಡುವ ಜಾಗವನ್ನೂ ಎರಡು ತಿರುವಿನ ಜಾಗಗಳನ್ನೂ ಗುರುತಿಸಿಕೊಳ್ಳಿ.

ಗುರಿಯ ಮೇಲೆ ಇಳಿಯುತ್ತೇವೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಕೊನೆಯ ಕಾಲಿನಲ್ಲಿ ಮುಂದಿನ ನೆಲವನ್ನು ನೋಡುತ್ತಿರಿ. ದೂರದ ವಸ್ತುಗಳು ಕಣ್ಣಿನಲ್ಲಿ ಮೇಲಕ್ಕೇರುತ್ತಾ ಹೋಗುತ್ತವೆ, ಹತ್ತಿರದವು ಕೆಳಗಿಳಿದು ಕಾಲಡಿ ಮರೆಯಾಗುತ್ತವೆ. ಇವೆರಡರ ನಡುವೆ ಏರದೆ ಇಳಿಯದೆ ನಿಂತಲ್ಲೇ ನಿಂತು ದೊಡ್ಡದಾಗುವ ಒಂದು ಬಿಂದು ಇರುತ್ತದೆ. ನಾವು ಹೋಗಿ ಮುಟ್ಟುವುದು ಅಲ್ಲಿಗೆ. ಮೊದಲ ಹತ್ತು ಹಾರಾಟಗಳಲ್ಲಿ ನನಗೆ ಅದು ಕಾಣಲೇ ಇಲ್ಲ. ಒಮ್ಮೆ ಕಂಡ ಮೇಲೆ ಕಣ್ಣು ತಾನಾಗಿಯೇ ಅದನ್ನು ಹುಡುಕುತ್ತದೆ.

ಗಾಳಿಯ ಬಗ್ಗೆ ಇನ್ನೊಂದು ಮಾತು. ಕಟ್ಟಡ, ಮರದ ಸಾಲು, ಹ್ಯಾಂಗರ್ ಇವುಗಳನ್ನು ದಾಟಿ ಬರುವ ಗಾಳಿ ಆಚೆ ಬದಿಯಲ್ಲಿ ಸುಳಿ ಸುಳಿಯಾಗುತ್ತದೆ. ಆ ವಸ್ತುವಿನ ಎತ್ತರದ ಹತ್ತರಿಂದ ಇಪ್ಪತ್ತು ಪಟ್ಟು ದೂರದವರೆಗೂ ಅದು ರೆಕ್ಕೆಯನ್ನು ಕುಲುಕಬಹುದು. ಹತ್ತು ಮೀಟರ್ ಎತ್ತರದ ಹ್ಯಾಂಗರ್ ಎಂದರೆ ನೂರರಿಂದ ಇನ್ನೂರು ಮೀಟರ್. ನೆರಳಿನ ತಂಪಿಗೆಂದು ಕಟ್ಟಡದ ಮಗ್ಗುಲಲ್ಲಿ ಇಳಿಯುವವರನ್ನು ಕಂಡಾಗ ನನಗೆ ಭಯವಾಗುತ್ತದೆ. ವಿದ್ಯಾರ್ಥಿಗಳಿಗೆ ಅಮೆರಿಕದ ಸಂಘ ಇಟ್ಟಿರುವ ಗಾಳಿಯ ಮಿತಿ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿ.ಮೀ. ಕಾಯುವುದು ಬೇಸರದ ಕೆಲಸ, ಆದರೂ ಕಾಯಿರಿ.

ನನ್ನ ಹತ್ತೊಂಬತ್ತನೆಯ ಹಾರಾಟ

ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಕಣಿವೆ. ಅಲ್ಲಿ ಬೆಳಗಿನ ಗಾಳಿ ಒಂದು ಕಡೆಯಿಂದ ಬಂದರೆ ಬಿಸಿಲೇರಿದ ಮೇಲೆ ಕಡಲ ಕಡೆಯಿಂದ, ಪಶ್ಚಿಮದಿಂದ ಬೀಸತೊಡಗುತ್ತದೆ. ನಾನು ವಿಮಾನ ಹತ್ತುವಾಗ ಕಂಬದ ಮೇಲಿನ ಗಾಳಿಚೀಲ ಒಂದು ಕಡೆಗೆ ತೂಗುತ್ತಿತ್ತು. ಮೇಲೇರಿ, ಜಿಗಿದು, ರೆಕ್ಕೆ ಬಿಚ್ಚಿಕೊಂಡು ಕೆಳಗೆ ಬರುವಷ್ಟರಲ್ಲಿ ಅದು ಪೂರ್ತಿ ತಿರುಗಿತ್ತು. ನಾನು ಅದನ್ನು ಮತ್ತೆ ನೋಡಿರಲಿಲ್ಲ.

ಇನ್ನೂರು ಅಡಿಯಲ್ಲಿ ನೆಲ ಎಂದಿಗಿಂತ ವೇಗವಾಗಿ ಓಡುತ್ತಿರುವುದು ಕಂಡಿತು. ಗಾಳಿ ಬೆನ್ನಿಗಿದೆ ಎಂದು ಗೊತ್ತಾದ ಕ್ಷಣವೇ ಬಲಗೈ ಕೆಳಗಿಳಿಯತೊಡಗಿತು. ನಾನು ಯೋಚಿಸಿ ಎಳೆದದ್ದಲ್ಲ. "ಗಾಳಿಗೆ ಮುಖ ಮಾಡಿ ಇಳಿ" ಎಂಬ ಪಾಠ ಕೈಗೆ ಅಷ್ಟು ಅಂಟಿಕೊಂಡಿತ್ತು. ಹೆಲ್ಮೆಟ್ಟಿನ ರೇಡಿಯೊದಲ್ಲಿ ಬೋಧಕಿಯ ದನಿ ಕೇಳಿಸಿತು: "ತಿರುಗಬೇಡ. ನೇರ ಬಾ. ಕಾಲು ಜೋಡಿಸು." ಕೈ ಮೇಲಕ್ಕೆ ಬಿಟ್ಟೆ. ಫ್ಲೇರ್ ಮಾಡಿ, ಅಂದರೆ ಎರಡೂ ಟಾಗಲ್‌ಗಳನ್ನು ಸಮವಾಗಿ ಎಳೆದು ಇಳಿತ ತಡೆದು, ಕಾಲು ಜೋಡಿಸಿ ನೆಲ ಮುಟ್ಟಿ, ಉರುಳಿ, ಜಲ್ಲಿಯ ಮೇಲೆ ಎರಡು ಮೂರು ಮೀಟರ್ ಜಾರಿದೆ. ಮೊಣಕೈ ತರಚಿತ್ತು, ಬಾಯಿತುಂಬ ಧೂಳು. ಅಷ್ಟೇ.

ಆ ಸಂಜೆ ಬೋಧಕಿ ಇಳಿಯುವಾಗಿನ ಆದ್ಯತೆಗಳನ್ನು ಕೈಪಿಡಿಯಿಂದ ಮತ್ತೆ ಓದಿಸಿದರು. ಮೊದಲನೆಯದು, ರೆಕ್ಕೆ ಸಮತಲವಾಗಿ, ನೇರವಾಗಿ ಹಾರುತ್ತಿರಬೇಕು. ಎರಡನೆಯದು, ಅಡ್ಡಿಗಳಿಲ್ಲದ ಬಯಲಾಗಿರಬೇಕು. ಮೂರನೆಯದು, ಕನಿಷ್ಠ ಅರ್ಧ ಬ್ರೇಕಿನವರೆಗಾದರೂ ಫ್ಲೇರ್ ಮಾಡಬೇಕು. ನಾಲ್ಕನೆಯದು, ಬೇಕಾದರೆ ಉರುಳಬೇಕು. ಓದಿ ಮುಗಿಸಿದ ಮೇಲೆ, "ಇದರಲ್ಲಿ ಗಾಳಿಯ ದಿಕ್ಕು ಎಲ್ಲಿದೆ ಹುಡುಕು" ಎಂದರು. ಎಲ್ಲಿಯೂ ಇರಲಿಲ್ಲ. ಗಾಳಿ ಬೆನ್ನಿಗಿದ್ದು ಇಳಿದರೆ ಜಾರುತ್ತೇವೆ, ತರಚುತ್ತದೆ, ಅಪರೂಪಕ್ಕೆ ಮಣಿಕಟ್ಟು ಮುರಿಯಬಹುದು. ಇನ್ನೂರು ಅಡಿಯಲ್ಲಿ ಗಾಳಿಗೆ ಮುಖ ಮಾಡಲು ತಿರುಗಿದರೆ ಜೋಕಾಲಿ ಹೊರಬೀಸಿದಾಗಲೇ ನೆಲ ಸಿಕ್ಕೀತು.

ಕೆಳಮಟ್ಟದಲ್ಲಿ ತಿರುಗಲೇಬೇಕಾದ ಸಂದರ್ಭವೂ ಬರುತ್ತದೆ: ಎದುರಿಗೆ ಮರವಿರಬಹುದು, ಮನುಷ್ಯರಿರಬಹುದು. ಅದಕ್ಕೆ ಬ್ರೇಕ್ ತಿರುವು ಕಲಿಯಬೇಕು. ಮೊದಲು ಎರಡೂ ಟಾಗಲ್‌ಗಳನ್ನು ಅರ್ಧದವರೆಗೆ ಎಳೆದು, ತಿರುಗಬೇಕಾದ ದಿಕ್ಕಿನ ಎದುರು ಬದಿಯ ಕೈಯನ್ನು ನಿಧಾನವಾಗಿ ಸ್ವಲ್ಪ ಮೇಲಕ್ಕೆ ಬಿಡಬೇಕು. ರೆಕ್ಕೆ ಹೆಚ್ಚು ವಾಲದೆ ಚಪ್ಪಟೆಯಾಗಿ ತಿರುಗುತ್ತದೆ, ಎತ್ತರ ಕಡಿಮೆ ನಷ್ಟವಾಗುತ್ತದೆ. ಇದನ್ನು ಮೂರು ಸಾವಿರ ಅಡಿಯಲ್ಲಿ ಎಷ್ಟು ಸಲ ಮಾಡಿದರೂ ಕಡಿಮೆಯೇ.

ಫ್ಲೇರ್

ನೆಲದಿಂದ ಹತ್ತು ಹನ್ನೆರಡು ಅಡಿ ಮೇಲಿರುವಾಗ ಎರಡೂ ಟಾಗಲ್‌ಗಳನ್ನು ಸಮವಾಗಿ ಎಳೆಯುವುದೇ ಫ್ಲೇರ್. ರೆಕ್ಕೆಯ ಹಿಂಬದಿ ಬಾಗುತ್ತದೆ, ಇಳಿತ ನಿಂತು ಕೆಲಕ್ಷಣ ನೆಲಕ್ಕೆ ಸಮಾನಾಂತರವಾಗಿ ತೇಲುತ್ತೇವೆ. ಕಾಲಡಿಯ ನೆಲವನ್ನು ನೋಡಬೇಡಿ, ಎತ್ತರದ ಅಂದಾಜು ತಪ್ಪುತ್ತದೆ. ದೃಷ್ಟಿ ಮುಂದೆ ಓರೆಯಾಗಿ ಇರಲಿ. ಮೇಲೆಯೇ ಫ್ಲೇರ್ ಮಾಡಿಬಿಟ್ಟರೆ ಗಾಬರಿಯಿಂದ ಕೈ ಮೇಲಕ್ಕೆ ಬಿಡಬಾರದು. ಬಿಟ್ಟರೆ ರೆಕ್ಕೆ ಮುಂದಕ್ಕೆ ನುಗ್ಗಿ ಧುಮುಕುತ್ತದೆ. ಕೈಗಳನ್ನು ಇದ್ದಲ್ಲೇ ಹಿಡಿದು, ನೆಲ ಹತ್ತಿರವಾದಾಗ ಉಳಿದದ್ದನ್ನು ಎಳೆದು ಮುಗಿಸಿ.

ಕಲಿಯುವವರೆಲ್ಲ ಮಾಡುವ ಇನ್ನೊಂದು ತಪ್ಪು, ಬೀಳುವ ಭಯಕ್ಕೆ ಒಂದು ಕೈಯನ್ನು ನೆಲದತ್ತ ಚಾಚುವುದು. ಆ ಕೈಯಲ್ಲಿ ಟಾಗಲ್ ಇದೆ. ಕೈ ಚಾಚಿದ ಕಡೆಗೇ ರೆಕ್ಕೆ ವಾಲುತ್ತದೆ, ಭಯ ನಿಜವಾಗುತ್ತದೆ. ಫ್ಲೇರ್ ಮುಗಿಯುವಾಗ ಎರಡೂ ಮುಷ್ಟಿಗಳು ದೇಹಕ್ಕೆ ಹತ್ತಿರ, ಒಂದೇ ಮಟ್ಟದಲ್ಲಿರಲಿ. ನಿಂತು ಇಳಿಯಲು ಆಗುವುದಿಲ್ಲವೆನಿಸಿದರೆ ಪಾದ, ಮೀನಖಂಡದ ಹೊರಬದಿ, ತೊಡೆ, ಪೃಷ್ಠ, ಎದುರು ಬದಿಯ ಭುಜದ ಹಿಂಭಾಗ ಎಂಬ ಕ್ರಮದಲ್ಲಿ ಉರುಳಿ. ನಿಂತು ಇಳಿದವರನ್ನು ಯಾರಾದರೂ ಹೊಗಳಬಹುದು. ಉರುಳಿದವರು ಮರುದಿನವೂ ಹಾರುತ್ತಾರೆ.

ಆಕಾಶದಲ್ಲಿ ಬೇರೆಯವರೂ ಇದ್ದಾರೆ

ನಮಗಿಂತ ಕೆಳಗಿರುವವರಿಗೆ ದಾರಿ ಬಿಡಬೇಕು. ಅವರಿಗೆ ನಾವು ಕಾಣುವುದಿಲ್ಲ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಇಳಿಯುವ ಹಾದಿಗೆ ಬಂದ ಮೇಲೆ ಸುತ್ತು ಹೊಡೆಯಬಾರದು, ಕೊನೆಯ ಕಾಲಿನಲ್ಲಿ ಹಾವಿನಂತೆ ಅತ್ತಿತ್ತ ಹೊರಳಬಾರದು. ಹಿಂದೆ ಬರುವವರು ನಾವು ನೇರ ಹೋಗುತ್ತೇವೆಂದು ನಂಬಿರುತ್ತಾರೆ. ಚಿಕ್ಕ ರೆಕ್ಕೆಯಲ್ಲಿ ಅತಿ ವೇಗದಿಂದ ಇಳಿಯುವ ಅನುಭವಿಗಳಿಗೆ ಮೈದಾನದಲ್ಲಿ ಪ್ರತ್ಯೇಕ ಜಾಗವಿರುತ್ತದೆ. ಅದು ಎಲ್ಲಿದೆ ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ, ಕಾಲ್ನಡಿಗೆಯಲ್ಲೂ ಅದನ್ನು ದಾಟಬೇಡಿ.

ಮೈದಾನ ತಲುಪಲಾಗದು ಎನಿಸಿದರೆ ಎರಡು ಸಾವಿರ ಅಡಿಯಲ್ಲೇ ಬೇರೆ ಬಯಲನ್ನು ಆರಿಸಿಕೊಳ್ಳಿ. ಮೇಲಿನಿಂದ ವಿದ್ಯುತ್ ತಂತಿ ಕಾಣುವುದಿಲ್ಲ, ಕಂಬಗಳು ಮಾತ್ರ ಕಂಡಾವು. ಆದ್ದರಿಂದ ಪ್ರತಿ ರಸ್ತೆಯ ಪಕ್ಕ, ಪ್ರತಿ ಮನೆಗೂ ತಂತಿಯಿದೆ ಎಂದೇ ತಿಳಿಯಿರಿ. ಉತ್ತ ಹೊಲವಾದರೆ ಸಾಲಿನ ಗುಂಟ ಇಳಿಯಿರಿ. ಮರಕ್ಕೆ ಸಿಕ್ಕಿದರೆ ಕಾಲು ಜೋಡಿಸಿ, ಮುಖ ಮುಚ್ಚಿಕೊಳ್ಳಿ, ಸಹಾಯ ಬರುವವರೆಗೂ ಅಲ್ಲೇ ಇರಿ. ನನ್ನ ಜೊತೆ ಕಲಿಯುತ್ತಿದ್ದವರೊಬ್ಬರು ನೂರು ಮೀಟರ್ ನಡೆಯುವುದನ್ನು ತಪ್ಪಿಸಲು ಕೊನೆ ಗಳಿಗೆಯಲ್ಲಿ ಮೈದಾನದ ಕಡೆಗೆ ತಿರುಗಿ, ಆರು ತಿಂಗಳು ಊರುಗೋಲು ಹಿಡಿದರು.

ಕಾಲೂರಿದ ಮೇಲೆ ಮೊದಲು ಹಿಂದಿರುಗಿ ಆಕಾಶ ನೋಡಿ, ಆಮೇಲೆ ರೆಕ್ಕೆ ಮಡಚಿ ಬೇಗ ಅಂಚಿಗೆ ಸರಿಯಿರಿ. ವಿಮಾನದ ಹತ್ತಿರ ಹೋಗುವಾಗ ಯಾವಾಗಲೂ ಬಾಲದ ಕಡೆಯಿಂದ ಹೋಗಿ; ತಿರುಗುವ ಪ್ರೊಪೆಲರ್ ಕಣ್ಣಿಗೆ ಕಾಣುವುದಿಲ್ಲ.

ಮುಂದಿನ ಹಾರಾಟಕ್ಕೆ ಒಂದು ಅಭ್ಯಾಸ. ಮೂರು ಸಾವಿರ ಅಡಿಯಲ್ಲಿ ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟಾಗಲ್ ಜೋರಾಗಿ ಎಳೆದು ತೊಂಬತ್ತು ಡಿಗ್ರಿ ತಿರುಗಿ, ರೆಕ್ಕೆ ಪೂರ್ತಿ ಸಮತಲಕ್ಕೆ ಬಂದ ಮೇಲೆ ಎತ್ತರಮಾಪಕ ನೋಡಿ. ಅದೇ ತಿರುವನ್ನು ಬ್ರೇಕ್ ಹಿಡಿದು ಮತ್ತೊಮ್ಮೆ ಮಾಡಿ, ಮತ್ತೆ ನೋಡಿ. ಎರಡರಲ್ಲೂ ಎಷ್ಟೆಷ್ಟು ಅಡಿ ಹೋಯಿತು ಎಂಬುದನ್ನು ಆ ದಿನದ ಗಾಳಿ ಮತ್ತು ರೆಕ್ಕೆಯ ಅಳತೆಯ ಜೊತೆ ಲಾಗ್ ಪುಸ್ತಕದಲ್ಲಿ ಬರೆದಿಡಿ. ರೆಕ್ಕೆ ಬದಲಾದಾಗ ಮತ್ತೆ ಅಳೆಯಿರಿ.